ನಾಲ್ಕನೆಯ ಕಾರು

ನಮ್ಮ ಊರಿನಲ್ಲಿ ಒಬ್ಬೊಬ್ಬರಿಗೆ ಬೇಕಾಗಿಲ್ಲದ ವಸ್ತು ಒಂದೇ ಒಂದು ಇರಬಹುದು. ಬೇಕಾದವು ಎಷ್ಟಾದರೂ ಇರಲಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ಹೆಚ್ಚಿನದು ಅಂತ ಎರಡನೆಯದೊಂದು ಕೈಗೆ ಬಂತೋ, ಮೊದಲಿದ್ದದ್ದು ಎಂಟು ದಿನಗಳೊಳಗೆ ಕೆಡುತ್ತದೆ. ಮರದ್ದಾದರೆ ಹುಳ ಬೀಳುತ್ತದೆ, ಕಬ್ಬಿಣದ್ದಾದರೆ ತುಕ್ಕು ತಿನ್ನುತ್ತದೆ, ಬಟ್ಟೆಯಾದರೆ ಮಡಿಕೆಯಲ್ಲೇ ಹರಿಯುತ್ತದೆ. ಇದನ್ನು ಯಾರೂ ಜಾರಿಗೆ ತಂದದ್ದಲ್ಲ, ಯಾರೂ ಕಾಯುವುದೂ ಇಲ್ಲ. ಬೇಸಿಗೆಯಲ್ಲಿ ಬಾವಿಯ ನೀರು ಇಳಿಯುವ ಹಾಗೆ ಇದೂ ಒಂದು. ಹಾಗಾಗಿ ನಮ್ಮಲ್ಲಿ ಮದುವೆಗೆ ಹೋಗುವವರು ಕೊಡ, ಪರಾತ, ಹಾಸಿಗೆ ಬಿಟ್ಟು ಬೇರೇನೂ ಉಡುಗೊರೆ ಒಯ್ಯುವುದಿಲ್ಲ. ಪರವೂರಿನ ನೆಂಟರು ಮಕ್ಕಳಿಗೆ ಆಟಿಕೆ ತಂದರೆ, ಒಳಗೆ ಕರೆಯುವ ಮೊದಲೇ ಮಗುವನ್ನು ಕೇಳುತ್ತೇವೆ, ಹಳೆಯದು ಹೋದರೆ ಅಳುವುದಿಲ್ಲ ತಾನೇ ಅಂತ.

ಯಾವುದು ಬೇಕಾದದ್ದು, ಯಾವುದು ಹೆಚ್ಚಿನದು ಅಂತ ನಾವು ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ. ಶಾಲೆಯ ಹುದ್ದಾರ ಮಾಸ್ತರರ ಮನೆಯಲ್ಲಿ ಮುನ್ನೂರು ಪುಸ್ತಕಗಳಿದ್ದವು. ಒಂದಕ್ಕೂ ಗೆದ್ದಲು ಹತ್ತಲಿಲ್ಲ. ಅವರನ್ನು ನೋಡಿ ಎದುರುಮನೆಯವನು ಎರಡು ಪುಸ್ತಕ ತಂದಿಟ್ಟುಕೊಂಡ. ವಾರದಲ್ಲಿ ಒಂದು ಪುಡಿಯಾಯಿತು. ಯಾರ ಕೈಯಲ್ಲಿ ಕೊಟ್ಟು "ಇದು ನಿಂದು" ಅನ್ನುತ್ತೇವೋ, ವಸ್ತು ಅವರದಾಗುತ್ತದೆ. ಅಷ್ಟೇ ಲೆಕ್ಕ.

ನನ್ನ ಹೆಸರು ಗುರುಪಾದ. ಪಂಪ್‌ಸೆಟ್ ರಿಪೇರಿ ಮಾಡುತ್ತೇನೆ. ನನ್ನ ಅಕ್ಕ ಸುಗಲಾಳ ಗಂಡ ಅಡಿವೆಪ್ಪ ಕಲ್ಲು ಒಡೆಯುವವರ ಮನೆಯಲ್ಲಿ ಹುಟ್ಟಿದವರು. ಹತ್ತು ವರ್ಷದ ಹುಡುಗನಿದ್ದಾಗಲೇ ಕಲ್ಲು ತುಂಬಿದ ಲಾರಿಯ ಹಿಂದೆ ಬರಿಗಾಲಲ್ಲಿ ಓಡಿ, ದಾರಿಯಲ್ಲಿ ಉದುರಿದ ಕಲ್ಲುಗಳನ್ನು ಆರಿಸಿ ತರುವುದು ಅವರ ಕೆಲಸವಾಗಿತ್ತು. ನಲವತ್ತರ ಹೊತ್ತಿಗೆ ಅದೇ ಕರಿಕಲ್ಲಿನ ಕ್ವಾರಿಗೆ ಅವರೇ ಧಣಿಯಾದರು. ಕ್ವಾರಿಯಿಂದ ಊರ ಗಡಿ ದಾಟಿ ಹೆದ್ದಾರಿ ಸೇರುವವರೆಗೆ, ಹನ್ನೊಂದು ಮೈಲಿ, ದಾರ ಎಳೆದಂತೆ ನೇರವಾದ ಡಾಂಬರು ರಸ್ತೆ ಹಾಕಿಸಿದರು. ಅಷ್ಟೆಲ್ಲ ಆದರೂ ಅವರ ಹತ್ತಿರ ಹೆಚ್ಚಿನದು ಅಂತ ಒಂದು ಕೈಗಡಿಯಾರವೂ ಇರಲಿಲ್ಲ. "ನನಗ ಒಂದ ಬಾಕಿ ಐತಿ. ಅದನ್ನ ನೋಡಿ ಆರಸ್ತೀನಿ" ಅನ್ನುತ್ತಿದ್ದರು.

ಅವರು ಆರಿಸಿದ್ದು ಹಳದಿ ಬಣ್ಣದ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಸೊಂಟದೆತ್ತರ, ನೆಲಕ್ಕೆ ಹೊಟ್ಟೆ ತಾಗುತ್ತದೇನೋ ಅನ್ನುವ ಹಾಗೆ. ಲಾರಿಯ ಮೇಲಿಂದ ಅದನ್ನು ಇಳಿಸಿದಾಗ ಊರಿಗೆ ಊರೇ ನಿಂತು ನೋಡಿತು. ಭಾವ ಮೊದಲು ತಾವೊಬ್ಬರೇ ಗಡಿಯ ತನಕ ಓಡಿಸಿಕೊಂಡು ಹೋಗಿ ಬಂದರು. ಆಮೇಲೆ ಅಕ್ಕನನ್ನು ಕೂರಿಸಿಕೊಂಡು ಹೋದರು. ತಿರುಗಿ ಬಂದಾಗ ಅಕ್ಕನ ತುರುಬು ಬಿಚ್ಚಿತ್ತು, ಸೆರಗು ಎಲ್ಲೋ ಇತ್ತು, ನಗು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. "ಇನ್ನೊಮ್ಮೆ ಹೋಗೂಣ್ರಿ" ಅಂದಳು. ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲಿರಬೇಕು.

ಸಂಜೆ ಎಲ್ಲರೂ ಹೋದ ಮೇಲೆ ಭಾವ ಕಾರಿನಿಂದ ಇಳಿಯದೆ ಹಾಗೇ ಕೂತಿದ್ದರು. ಬಗ್ಗಿ ನೋಡಿದೆ, ಕಣ್ಣಲ್ಲಿ ನೀರು.

"ಬಾಯಿ ತುಂಬ ಧೂಳ ತಿಂದ ಓಡತಿದ್ನೋ ಗುರುಪಾದ," ಅಂದರು. "ಮೂವತ್ತ ವರ್ಸ ಆ ಧೂಳ ನಾಲಿಗಿ ಮ್ಯಾಲಿತ್ತು. ಇವತ್ತ ಹೋತು."

ಕಾರಿನಿಂದ ಸುಖ ಸಿಗುವುದಿಲ್ಲ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಅವತ್ತು ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ಅದರ ಎಂಜಿನ್ನಿಗೆ ಕೈ ಹಚ್ಚುವ ಭಾಗ್ಯ ನನ್ನದಾಯಿತು. ಪಂಪಿನ ಕೆಸರಿನಲ್ಲಿ ಅದ್ದಿದ್ದ ಈ ಬೆರಳುಗಳನ್ನು ಸೋಪು ಹಚ್ಚಿ ಮೂರು ಸಲ ತೊಳೆದುಕೊಂಡು ಬಾನೆಟ್ಟು ಎತ್ತುತ್ತಿದ್ದೆ.

ಎಂಟು ತಿಂಗಳು ಹೋಯಿತು. ಒಂದು ಮಧ್ಯಾಹ್ನ ಭಾವ ನನ್ನ ಅಂಗಡಿಗೆ ಬಂದು ಮೂಲೆಯ ಡಬ್ಬಿಯ ಮೇಲೆ ಕೂತರು. "ಮೊದಲಿನಂಗ ಅನಸವಲ್ದೋ," ಅಂದರು. "ಓಡತೈತಿ, ಏನೂ ಕಮ್ಮಿ ಇಲ್ಲ. ಆದ್ರ ಕುಂತ್ರ ಕುಂತಂಗ, ಇಳದ್ರ ಇಳದಂಗ." ಪರವೂರಿನಲ್ಲಿ ಒಂದು ನೀಲಿ ಕಾರು ನೋಡಿ ಬಂದಿದ್ದರು, ಇದಕ್ಕಿಂತ ಜೋರು. ಆದರೆ ಅದನ್ನು ತಂದರೆ ಹಳದಿಯದು ತುಕ್ಕು ಹಿಡಿಯುತ್ತದೆ, ಅದಕ್ಕೂ ಅವರ ಮನಸ್ಸು ಒಪ್ಪದು.

ಆಗ ಮಾತಾಡಿದವನು ನಾನು. ಇದನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ. ಆ ನೀಲಿ ಕಾರಿನ ಎಂಜಿನ್ನು ನೋಡಬೇಕು ಅಂತ ನನಗೂ ಆಸೆಯಾಗಿತ್ತು. "ಚಾವಿ ಅಕ್ಕನ ಕೈಯಾಗ ಕೊಡ್ರಿ ಭಾವಾ," ಅಂದೆ. "ಅಕ್ಕಂದು ಅಂತ ಆಗ್ತೈತಿ. ಓಡಸಾವ್ರು ನೀವ ಅಲ್ಲೇನು?"

ಅಕ್ಕನ ಹೆಚ್ಚಿನದು ಒಂದು ಸೈಕಲ್. ನಮ್ಮ ಓಣಿಯಲ್ಲಿ ಸೈಕಲ್ ಹೊಡೆದ ಮೊದಲ ಹುಡುಗಿ ಅವಳು. ಅದನ್ನೇ ಗಂಡನ ಮನೆಗೂ ತಂದಿದ್ದಳು. ಧಣಿಯ ಹೆಂಡತಿ ಬೀದಿಯಲ್ಲಿ ಸೈಕಲ್ ಹೊಡೆದಾಳೆಯೇ? ಮಧ್ಯಾಹ್ನ ಗಂಡಸರು ಕ್ವಾರಿಯಲ್ಲಿದ್ದಾಗ ಹಿತ್ತಲಲ್ಲಿ ಹತ್ತು ಸುತ್ತು ಹಾಕಿ, ಒರೆಸಿ, ಗೋಡೆಗೆ ಒರಗಿಸಿ ಇಡುತ್ತಿದ್ದಳು. ನೀಲಿ ಕಾರಿನ ಚಾವಿ ಕೈಗೆ ಬಂದ ಆರನೆಯ ದಿನ ಸೈಕಲ್ಲಿನ ಚೈನು ಬೂದಿಯ ಹಾಗೆ ಕಳಚಿ ಬಿತ್ತು. ಎಂಟನೆಯ ದಿನ ಹ್ಯಾಂಡಲ್ ಮುಟ್ಟಿದರೆ ಕೈಗೆ ಕೆಂಪು ಪುಡಿ.

"ಹೋಗ್ಲಿ ಬಿಡೋ ತಮ್ಮಾ," ಅಂದಳು ಅಕ್ಕ. "ನಲವತ್ತರ ಹೆಂಗಸು ನಾನು, ಅದರ ಮ್ಯಾಲ ಕುಂತ್ರ ಮಂದಿ ನಗ್ತಾರ." ಅಂಗೈಯನ್ನು ಸೀರೆಗೆ ಒರೆಸಿಕೊಳ್ಳದೆ, ಅಡುಗೆಮನೆಗೆ ಹೋಗಿ ಬಹಳ ಹೊತ್ತು ನೀರು ಬಿಟ್ಟುಕೊಂಡು ತೊಳೆದಳು.

ಮೂರನೆಯದು ಕಪ್ಪು ಕಾರು. ಅದರ ಚಾವಿಯನ್ನು ಭಾವ ತಮ್ಮ ತಾಯಿ ಬಾಳವ್ವನ ಮಡಿಲಲ್ಲಿ ಇಟ್ಟರು. ಮುದುಕಿಯ ಹತ್ತಿರ ಒಂದು ಮೈನಾ ಇತ್ತು. ಮಗ ಕ್ವಾರಿಯ ಕೆಲಸಕ್ಕೆ ಹೋಗಿ ಕತ್ತಲಾಗುವವರೆಗೂ ಬರದಿದ್ದ ಕಾಲದಲ್ಲಿ ಅವಳು ಒಬ್ಬಳೇ ಕೂತು ಹಕ್ಕಿಗೆ ಮಾತು ಕಲಿಸಿದ್ದಳು. ಅದು ಹೇಳುತ್ತಿದ್ದದ್ದು ಒಂದೇ ಮಾತು: "ಅಡಿವೀ, ಬಂದ್ಯೇನಪಾ?" ಒಂದು ಹಕ್ಕಿ ಸತ್ತರೆ ಇನ್ನೊಂದನ್ನು ಹಿಡಿದು ಮಾತು ಕಲಿಸುತ್ತಿದ್ದಳು, ಇದು ನಾಲ್ಕನೆಯದೋ ಐದನೆಯದೋ ಆಗಿತ್ತು. ಕಪ್ಪು ಕಾರು ಬಂದ ಏಳನೆಯ ದಿನ ಅದು ಪಂಜರದ ತಳದಲ್ಲಿ ಬಿದ್ದಿತ್ತು. ಬಾಳವ್ವ ಚಾವಿಯನ್ನು ತಂದು ಪಂಜರದೊಳಗೆ ಇಟ್ಟು ಬಾಗಿಲು ಹಾಕಿದಳು. ಅವತ್ತಿನಿಂದ ಮಗನ ಜೊತೆ ಮಾತು ಬಿಟ್ಟಳು. ಭಾವ ಅದಕ್ಕೂ ಹೊಂದಿಕೊಂಡರು. ಬೆಳಿಗ್ಗೆ ಪಂಜರದಿಂದ ಚಾವಿ ತೆಗೆದುಕೊಂಡು, ತಿರುಗಿ ಬಂದ ಮೇಲೆ ಅಲ್ಲೇ ಇಡುತ್ತಿದ್ದರು.

ಕೆಂಪು ಕಾರಿನ ಮಾತು ಬಂದಾಗ ಮನೆಯಲ್ಲಿ ಚಾವಿ ಹಿಡಿಯಲು ಉಳಿದಿದ್ದವಳು ಮಗಳು ನಂದಾ ಒಬ್ಬಳೇ. ಅವಳಿಗೆ ಆಗ ಹದಿಮೂರು. ಅವಳ ಹತ್ತಿರ ಒಂದು ಮೌತ್ ಆರ್ಗನ್ ಇತ್ತು. ಅಕ್ಕ ಮೊದಲ ಸಲ ಗಂಡನ ಎದುರು ಗಟ್ಟಿಯಾಗಿ ನಿಂತಳು. "ಆಕಿ ಕೈಯಾಗ ಚಾವಿ ಇಟ್ರ ನಾ ಈ ಮನಿಯಾಗ ಇರೂದಿಲ್ರಿ."

"ಆಕಿಗೆ ಯಾಕ ಕೊಡ್ಲಿ?" ಅಂದರು ಭಾವ. "ನಾನ ಇಟ್ಕೋತೀನಿ. ಹಳದೀದು ತುಕ್ಕ ಹಿಡದ ಹೋಗ್ಲಿ. ಆತಿಲ್ಲೋ?"

ಕೆಂಪು ಕಾರು ಬಂತು. ಮರುದಿನದಿಂದ ನಾನು ದಿನಾ ಬೆಳಿಗ್ಗೆ ಹೋಗಿ ಹಳದಿ ಕಾರನ್ನು ನೋಡುತ್ತಿದ್ದೆ. ಬಾಗಿಲಿನ ಸಂದಿ, ಚಕ್ರದ ಬೋಲ್ಟು, ಸೈಲೆನ್ಸರಿನ ಒಳಮೈ, ಎಲ್ಲ ಕಡೆ ಬಟ್ಟೆ ಆಡಿಸುತ್ತಿದ್ದೆ. ಬಟ್ಟೆ ಬಿಳಿಯಾಗಿಯೇ ಬರುತ್ತಿತ್ತು. ಊರಿನವರು ನೀರಿಗೆ ಹೋಗುವ ದಾರಿಯಲ್ಲಿ ನಿಂತು ಇಣುಕಿ ನೋಡುತ್ತಿದ್ದರು. ಎಂಟನೆಯ ದಿನ ಕಳೆಯಿತು, ಒಂಬತ್ತನೆಯದೂ ಕಳೆಯಿತು. ಹಳದಿ ಕಾರು ಮೊದಲ ದಿನದ ಹಾಗೇ ಇತ್ತು.

ಹತ್ತನೆಯ ದಿನ ಊಟಕ್ಕೆ ಬಡಿಸುವಾಗ ಅಕ್ಕನ ಕೈಯಿಂದ ರೊಟ್ಟಿಯ ಬುಟ್ಟಿ ಜಾರಿತು. ಬೆರಳು ಜೋಮು ಹಿಡಿದಿವೆ ಅಂದಳು. ಬಗ್ಗಿ ರೊಟ್ಟಿ ಆರಿಸಿಕೊಳ್ಳಲು ಹೋದವಳಿಗೆ ಏಳಲಾಗಲಿಲ್ಲ, ನಂದಾ ಹಿಡಿದೆತ್ತಿದಳು. ಒಂದು ತಿಂಗಳಲ್ಲಿ ಅಕ್ಕನ ಬಳೆಗಳು ಮೊಣಕೈವರೆಗೆ ಸರಿದಾಡತೊಡಗಿದವು. ಬಾಚಿದರೆ ಹಿಡಿ ಹಿಡಿ ಕೂದಲು. ಭಾವ ಅವಳನ್ನು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದರು, ಎರಡು ಆಸ್ಪತ್ರೆ, ಮೂರು ಆಸ್ಪತ್ರೆ. ರಕ್ತ ನೋಡಿದರು, ಎಲುಬು ನೋಡಿದರು. ಎಲ್ಲ ಸರಿ ಇದೆ, ಚೆನ್ನಾಗಿ ಉಣ್ಣಲಿ ಅಂದರು.

ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಬಿಟ್ಟವಳು ಬಾಳವ್ವ. ಎರಡು ವರ್ಷದಿಂದ ಮಗನ ಜೊತೆ ಮಾತಾಡದಿದ್ದ ಮುದುಕಿ, ಭಾವ ಊಟಕ್ಕೆ ಕೂತಾಗ ತಟ್ಟೆಯ ಎದುರು ಬಂದು ಕೂತಳು. ನಾನೂ ಅಲ್ಲೇ ಇದ್ದೆ.

"ಅಡಿವೀ, ಹಳದಿ ಕಾರು ನಿನಗ ಬೇಕಾದದ್ದಾಗಿ ಕುಂತೈತಿ," ಅಂದಳು. "ಬ್ಯಾಡಾದದ್ದು ಏನೈತಿ ಅದು ಹಾಳಾಗಾಕತ್ತೈತಿ. ನೀನ ತಿಳಕೋ."

ಭಾವ ತುತ್ತನ್ನು ತಟ್ಟೆಗೆ ಬಿಟ್ಟು ಎದ್ದುಹೋದರು. ನಾನು ಶೆಡ್ಡಿನ ತನಕ ಹಿಂದೆಯೇ ಹೋದೆ. ಎಂಜಲು ಕೈಯನ್ನೂ ತೊಳೆಯದೆ, ಎಡಗೈಯಲ್ಲಿ ಬಟ್ಟೆ ಹಿಡಿದು ಕೆಂಪು ಕಾರಿನ ಗಾಜು ಒರೆಸುತ್ತಿದ್ದರು.

"ಭಾವಾ, ಇದನ್ನ ಗಡಿ ದಾಟಿಸಿ ಬಿಟ್ಟ ಬರ್ರಿ," ಅಂದೆ.

"ಯಾಕ?"

"ನಿಮಗ ಗೊತ್ತೈತಿ."

"ನನಗೇನೂ ಗೊತ್ತಿಲ್ಲ. ನೀನ ಹೇಳು. ನಿನ್ನ ಅಕ್ಕ ನನಗ ಬ್ಯಾಡಾಗ್ಯಾಳ ಅಂತ ಬಾಯಿಬಿಟ್ಟ ಹೇಳು ನೋಡೂಣು." ಎಡಗೈಯ ಬಟ್ಟೆ ಗಾಜಿನ ಮೇಲೆ ಆಡುತ್ತಲೇ ಇತ್ತು. "ಇಪ್ಪತ್ತೆರಡ ವರ್ಸ ಸಂಸಾರ ಮಾಡೀನಿ ಆಕಿ ಕೂಡ. ಇದನ್ನ ನಾ ಬಿಟ್ಟ ಬಂದ್ನಿ ಅಂದ್ರ, ಹೌದು ಅಂತ ಒಪ್ಪಿಕೊಂಡಂಗ ಆತು. ಊರ ಮುಂದ, ನನ್ನ ಮಗಳ ಮುಂದ. ಆಕಿ ಮುಂದ. ಒಪ್ಪೂದಿಲ್ಲ ನಾನು. ಕಾರೂ ಇಲ್ಲೇ ಇರ್ತೈತಿ, ಆಕೀನೂ ಆರಾಮ ಆಗ್ತಾಳ. ಆವಾಗ ತಿಳೀತೈತಿ ನಿಮಗೆಲ್ಲ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ಕಷ್ಟವಾಗಿತ್ತು. ಅಕ್ಕನ ಮೇಲೆ ತಮಗೆ ಪ್ರೀತಿಯಿದೆ ಅಂತ ಅವರು ನಂಬಿದ್ದರು. ಕಾರನ್ನು ಇಟ್ಟುಕೊಂಡೇ ಅದನ್ನು ತೋರಿಸಿಕೊಡಬೇಕು ಅಂತ ಹೊರಟಿದ್ದರು.

ಅಕ್ಕನ ಹತ್ತಿರ ಹೋದೆ. ನಾನೇ ಚಾವಿ ಕದ್ದು ಕಾರನ್ನು ಒಯ್ದುಬಿಡುತ್ತೇನೆ ಅಂದೆ. ಅವಳು ನನ್ನ ಅಂಗಿಯ ತೋಳು ಹಿಡಿದುಕೊಂಡಳು; ಹಿಡಿತದಲ್ಲಿ ಬಲವೇ ಇರಲಿಲ್ಲ.

"ಬ್ಯಾಡೋ. ಕಾರು ಹೋತು, ನಾ ಆರಾಮಾದ್ನಿ ಅಂತ ತಿಳಿ. ಆಮ್ಯಾಲ? ದಿನಾ ಅವ್ರ ಮಾರಿ ಹೆಂಗ ನೋಡ್ಲಿ ನಾನು? ಅವ್ರು ನನ್ನ ಮಾರಿ ಹೆಂಗ ನೋಡ್ಬೇಕು?"

"ಸಾಯೂದಕ್ಕಿಂತ ಅದು ಛಲೋ ಅಲ್ಲೇನಕ್ಕಾ?"

"ಈಗ ಇದು ಬ್ಯಾನಿ. ಯಾರ ಕೇಳಿದ್ರೂ ಬ್ಯಾನಿ ಅಂತ ಹೇಳಬಹುದು. ಇಷ್ಟರೆ ಉಳೀಲಿ ಬಿಡು ತಮ್ಮಾ."

ಹಟ ಮಾಡಿ ಅವಳನ್ನು ನನ್ನ ಮನೆಗೆ ಕರೆದುಕೊಂಡು ಬಂದೆ. ನಾನೊಬ್ಬನೇ ಇರುವ ಮನೆ ಅದು. ನನಗೆ ಅವಳು ಬೇಕಾದವಳು, ನನ್ನ ಮನೆಯಲ್ಲಿದ್ದರೆ ಉಳಿದಾಳು ಅಂತ ನನ್ನ ಆಸೆ. ನಂದಾ ಶಾಲೆ ಬಿಟ್ಟು ಜೊತೆಗೆ ಬಂದಳು. ಮೊದಲ ವಾರ ಅಕ್ಕ ಎರಡು ಹೊತ್ತು ಗಂಜಿ ಕುಡಿದಳು. ಒಂದು ದಿನ ಗೋಡೆ ಹಿಡಿದು ಬಾಗಿಲವರೆಗೆ ನಡೆದು, ನನ್ನ ಅಂಗಡಿಯ ಗಲೀಜು ನೋಡಿ ಬೈದಳು. ಬೈಸಿಕೊಂಡು ನನಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತು ಬಿಚ್ಚಿದ ಪಂಪನ್ನು ತಿರುಗಾಮುರುಗಾ ಜೋಡಿಸಿಬಿಟ್ಟೆ.

ಭಾವ ದಿನಾ ಬರುತ್ತಿದ್ದರು, ದಿನಕ್ಕೊಂದು ಬಣ್ಣದ ಕಾರಿನಲ್ಲಿ. ದಾಳಿಂಬೆ ಬಿಡಿಸಿ, ಕಾಳು ಹಿಂಡಿ, ರಸ ಕುಡಿಸುತ್ತಿದ್ದರು. ಅವಳ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಗಂಡನೊಬ್ಬ ಹೆಂಡತಿಗೆ ಹಾಗೆ ಸೇವೆ ಮಾಡಿದ್ದನ್ನು ನಮ್ಮ ಓಣಿ ನೋಡಿರಲಿಲ್ಲ. ಒಂದು ದಿನ ಅವರು ಅಕ್ಕನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಮಗಳ ಓದಿನ ಬಗ್ಗೆ ಏನೋ ಹೇಳುತ್ತಿದ್ದರು. ಹೊರಗೆ ಓಣಿಯ ಮಕ್ಕಳು ಕಾರಿನ ಸುತ್ತ ಗದ್ದಲ ಮಾಡುತ್ತಿದ್ದರು. ಯಾರೋ ಬಾನೆಟ್ಟಿನ ಮೇಲೆ ಕೈ ಬಡಿದಿರಬೇಕು, ಟಪ್ಪೆಂದು ಸದ್ದಾಯಿತು. ಭಾವ ಏಳಲಿಲ್ಲ, ಮಾತೂ ನಿಲ್ಲಿಸಲಿಲ್ಲ. ಅವರ ಕಣ್ಣು ಮಾತ್ರ ಕಿಟಕಿಗೆ ಹೋಗಿ ಬಂತು. ಅರೆಗಳಿಗೆಯೂ ಇಲ್ಲ.

ಅಕ್ಕ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಹೊದಿಕೆಯೊಳಗೆ ಇಟ್ಟುಕೊಂಡಳು. "ಹೋಗಿ ನೋಡಿ ಬರ್ರಿ," ಅಂದಳು. "ಹುಡುಗೂರು ಗೀರು ಹಾಕ್ಯಾವು."

ಭಾವ ತಲೆ ತಗ್ಗಿಸಿ ಅಲ್ಲೇ ಕೂತರು. ಹೊರಗೆ ಹೋಗಲಿಲ್ಲ. ಅವಳ ಕೈಯನ್ನು ಮತ್ತೆ ಕೇಳಲೂ ಇಲ್ಲ.

ಅದಾದ ಮೇಲೆ ಅವಳು ಗಂಜಿ ಮುಟ್ಟಲಿಲ್ಲ. ನಾನು ಅತ್ತೆ, ಗದರಿದೆ, ನಂದಾಳ ಆಣೆ ಹಾಕಿದೆ. "ಹಸಿವಿಲ್ಲೋ" ಅನ್ನುತ್ತಿದ್ದಳು. ಐದನೆಯ ದಿನ ಮಧ್ಯಾಹ್ನ, ನಂದಾ ಅವಳ ತಲೆ ಬಾಚುತ್ತಿದ್ದಾಗ, ಅಕ್ಕನ ಕುತ್ತಿಗೆ ಮಗಳ ತೋಳಿನ ಮೇಲೆ ವಾಲಿತು. ನಂದಾ ಜಡೆ ಹೆಣೆದು ಮುಗಿಸಿದ ಮೇಲೆಯೇ ನನ್ನನ್ನು ಕರೆದಳು.

ಮಣ್ಣಿಗೆ ಊರೆಲ್ಲ ಬಂದಿತ್ತು. ಭಾವ ಚಟ್ಟದ ಮುಂದಿನ ಕೊನೆಗೆ ಹೆಗಲು ಕೊಟ್ಟು ಬರಿಗಾಲಲ್ಲಿ ನಡೆದರು, ಯಾರು ಕೇಳಿದರೂ ಹೆಗಲು ಬದಲಿಸಲಿಲ್ಲ. ಡಾಂಬರು ಕಾದು ಮೆತ್ತಗಾಗಿತ್ತು. ಮನೆಗೆ ಬಂದಾಗ ಅವರ ಅಂಗಾಲಿನಲ್ಲಿ ಬೊಬ್ಬೆಗಳು ಎದ್ದಿದ್ದವು. ಬಾಳವ್ವ ನೀರು ತಂದಿಟ್ಟಳು, ಕಾಲು ಮುಟ್ಟಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಭಾವ ಕುಂಟುತ್ತ ಬಂದು ಕೆಂಪು ಕಾರಿನ ಚಾವಿಯನ್ನು ನನ್ನ ಮುಂದೆ ಹಿಡಿದರು. ಇಷ್ಟು ದಿನದಲ್ಲಿ ಅವರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಗಡಿ ದಾಟಿಸಿ ಎಲ್ಲೆರೆ ಬಿಟ್ಟ ಬಾ," ಅಂದರು.

"ಈಗ ಬಿಟ್ರ ಏನ್ ಬಂತ್ರಿ?"

"ಒಪ್ಕೊಂಡ್ನಿ ಅಂತ ತಿಳಿ."

ಚಾವಿ ಇಸಿದುಕೊಂಡೆ. ಅವರ ಮೇಲೆ ನನಗೆ ಸಿಟ್ಟಿತ್ತು. ಆದರೆ ಆದದ್ದರಲ್ಲಿ ನನ್ನ ಪಾಲೂ ಇತ್ತು. ಮೊದಲ ದಾರಿ ತೋರಿಸಿದವನೇ ನಾನು. ಕೆಂಪು ಕಾರನ್ನು ಅದುವರೆಗೆ ನಾನು ಓಡಿಸಿರಲಿಲ್ಲ. ಬಾಗಿಲು ಹಾಕಿಕೊಂಡೆ, ಸೀಟು ಬೆನ್ನಿಗೆ ಅಪ್ಪಿಕೊಂಡಿತು. ಊರೊಳಗೆ ಮೆಲ್ಲಗೆ ಹೋದೆ. ಬಾಗಿಲುಗಳಲ್ಲಿ ನಿಂತವರು ಒಳಗೆ ಸರಿದರು. ಸ್ಮಶಾನ ದಾಟುವಾಗ ಅಕ್ಕನ ಮೇಲಿನ ಹಸಿ ಮಣ್ಣು ಕಾಣಿಸಿತು. ಅಲ್ಲಿಂದಾಚೆ ರಸ್ತೆ ನೇರ, ಎದುರಿಗೆ ಯಾರೂ ಇಲ್ಲ.

ಕಾಲನ್ನು ಒಂದಿಷ್ಟು ಒತ್ತಿದೆ. ಎಂಜಿನ್ನಿನ ಧ್ವನಿ ಬದಲಾಯಿತು. ಇನ್ನಷ್ಟು ಒತ್ತಿದೆ. ಎರಡೂ ಬದಿಯ ಕಲ್ಲುರಾಶಿಗಳು ಕರಗಿ ಒಂದು ಕಪ್ಪು ಗೆರೆಯಾದವು. ನಾನು ಜೋರಾಗಿ ಕೂಗಿದೆ, ಏನು ಕೂಗಿದೆನೋ ನೆನಪಿಲ್ಲ. ಕೂಗಿ ನಕ್ಕೆ. ಗಡಿ ಯಾವಾಗ ದಾಟಿತೋ ತಿಳಿಯಲಿಲ್ಲ. ಹೆದ್ದಾರಿಯ ಲಾರಿಗಳು ಕಂಡು ಬ್ರೇಕು ಹಾಕಿದಾಗಲೇ, ಇಷ್ಟು ಹೊತ್ತು ಅಕ್ಕ ಸತ್ತದ್ದನ್ನು ನಾನು ಮರೆತಿದ್ದೆ ಅಂತ ಗೊತ್ತಾಯಿತು. ಒಂದೆರಡು ಗಳಿಗೆ ಇರಬಹುದು. ಆದರೆ ಪೂರ್ತಿ ಮರೆತಿದ್ದೆ. ಆ ಗಳಿಗೆಯಲ್ಲಿ ಅವಳು ಇದ್ದರೂ ಇಲ್ಲದಿದ್ದರೂ ನನಗೆ ಒಂದೇ ಆಗಿತ್ತು.

ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಚಾವಿ ಅದರಲ್ಲೇ ಬಿಟ್ಟು, ಬಿಸಿಲಲ್ಲಿ ಹನ್ನೊಂದು ಮೈಲಿ ನಡೆದು ಬಂದೆ. ಭಾವನ ಮನೆಯ ಮುಂದೆ ಬಂದಾಗ ಹೊತ್ತು ಇಳಿದಿತ್ತು. ಅವರು ಕಟ್ಟೆಯ ಮೇಲೆ ಬೊಬ್ಬೆಯ ಕಾಲು ಚಾಚಿ ಕೂತಿದ್ದರು. ಶೆಡ್ಡಿನಲ್ಲಿ ಉಳಿದ ಮೂರು ಕಾರುಗಳು ಒಂದೂ ಮಾಸದೆ ನಿಂತಿದ್ದವು. ಭಾವ ಧ್ವನಿ ತಗ್ಗಿಸಿ, ನನ್ನ ಮುಖ ನೋಡದೆ ಕೇಳಿದರು.

"ಹೆಂಗ ಓಡ್ತು?"

"ಛಲೋ ಓಡ್ತು ಭಾವಾ," ಅಂದೆ. ಮಾತು ಬಾಯಿಂದ ಹೋಗಿಯೇಬಿಟ್ಟಿತ್ತು.

ಬಾಗಿಲಲ್ಲಿ ನಂದಾ ನಿಂತಿದ್ದಳು. ಅಪ್ಪನನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದಳು. ಒಳಗೆ ಹೋಗಿ ಅಜ್ಜಿಯ ಹತ್ತಿರ ಏನೋ ಹೇಳಿದಳು. ಬಾಳವ್ವ ಎದ್ದು ಬಂದು, ನಮ್ಮಿಬ್ಬರನ್ನೂ ಹೊರಗೆ ಬಿಟ್ಟು, ಬಾಗಿಲು ಮುಂದೆ ಮಾಡಿ ಅಗಳಿ ಹಾಕಿಕೊಂಡಳು.